ಕಾರಿಗೆ ದೊಡ್ಡ ಚಕ್ರ ಹಾಕಿಸುವ ಮುನ್ನ: ಅಳತೆಯಿಂದ ನಟ್ಟು ಬಿಗಿಯುವವರೆಗೆ

ಎರಡು ವರ್ಷ ನಮ್ಮ ಮನೆಯ ಮೆಟ್ಟಿಲ ಕೆಳಗೆ ನಾಲ್ಕು 17 ಇಂಚಿನ ಅಲಾಯ್ ವೀಲ್‌ಗಳು ಗೋಣಿಚೀಲ ಹೊದ್ದು ಮಲಗಿದ್ದವು. ಅವನ್ನು ನನ್ನ ಸ್ವಿಫ್ಟ್‌ಗೆ ಹಾಕಿಸಿ ಓಡಿಸಿದ್ದು ಬರೀ ಐದು ತಿಂಗಳು. ಕಾರು ಚೆಂದ ಕಾಣುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಜುಲೈ ಮಳೆಯಲ್ಲಿ ಒಂದು ರಾತ್ರಿ, ನೀರು ತುಂಬಿ ರಸ್ತೆಯ ಮಟ್ಟಕ್ಕೇ ನಿಂತಿದ್ದ ಗುಂಡಿಗೆ ಮುಂದಿನ ಎಡ ಚಕ್ರ ಇಳಿಯಿತು. ಬೆಳಗ್ಗೆ ನೋಡಿದರೆ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಬುಗ್ಗೆ, ರಿಮ್ಮಿನ ಅಂಚಿನಲ್ಲಿ ಬೆಂಡು. ಟೈರಿನ ಪಕ್ಕದ ಬುಗ್ಗೆಗೆ ರಿಪೇರಿ ಇಲ್ಲ. ಒಳಗಿನ ದಾರ ಹರಿದಿರುತ್ತದೆ, ಎಸೆಯಬೇಕು ಅಷ್ಟೇ.

ತಪ್ಪು ಗುಂಡಿಯದ್ದೂ ಹೌದು, ನನ್ನದೂ ಹೌದು. ನಾನು ರಿಮ್ ನೋಡಿ ದುಡ್ಡು ಕೊಟ್ಟಿದ್ದೆ. ರಿಮ್ಮಿಗೂ ರಸ್ತೆಗೂ ನಡುವೆ ಎಷ್ಟು ರಬ್ಬರು ಉಳಿಯುತ್ತದೆ ಅಂತ ನೋಡಿಯೇ ಇರಲಿಲ್ಲ. ಈ ಬರಹ ಆ ರಬ್ಬರಿನ ಲೆಕ್ಕ. ಚಕ್ರ ದೊಡ್ಡದು ಮಾಡಿಸಬೇಡಿ ಅಂತ ಹೇಳುವುದಕ್ಕೆ ಬರೆಯುತ್ತಿಲ್ಲ. ಈಗಲೂ ನನ್ನ ಕಾರಿನಲ್ಲಿ ಕಂಪನಿ ಕೊಟ್ಟದ್ದಕ್ಕಿಂತ ಒಂದು ಇಂಚು ದೊಡ್ಡ ರಿಮ್ಮೇ ಇದೆ.

ಮೊದಲು, ಯಾವ 'ದೊಡ್ಡದು'?

ಅಂಗಡಿಯಲ್ಲಿ 'ಅಪ್‌ಸೈಜ್' ಅಂತ ಒಂದೇ ಮಾತು ಹೇಳುತ್ತಾರೆ. ಆದರೆ ಅದರೊಳಗೆ ಎರಡು ಬೇರೆ ಕೆಲಸಗಳಿವೆ.

ಒಂದರಲ್ಲಿ ರಿಮ್ ಮಾತ್ರ ದೊಡ್ಡದಾಗುತ್ತದೆ. 14 ಇಂಚಿದ್ದದ್ದು 15 ಅಥವಾ 16 ಆಗುತ್ತದೆ, ಟೈರಿನ ಪಕ್ಕದ ರಬ್ಬರು ಅಷ್ಟಕ್ಕಷ್ಟು ಗಿಡ್ಡವಾಗುತ್ತದೆ, ಚಕ್ರದ ಒಟ್ಟು ಎತ್ತರ ಹೆಚ್ಚುಕಮ್ಮಿ ಮೊದಲಿನಷ್ಟೇ ಇರುತ್ತದೆ. ಸ್ವಿಫ್ಟ್, ಐ20, ಸಿಟಿ ತರಹದ ಕಾರುಗಳವರು ಮಾಡಿಸುವುದು ಇದನ್ನು. ಇದರಿಂದ ಕಾರು ಎತ್ತರ ಆಗುವುದಿಲ್ಲ. 'ಹಂಪ್‌ಗೆ ತಳ ತಾಗುತ್ತೆ, ಅದಕ್ಕೆ 16 ಇಂಚು ಹಾಕಿಸ್ತೀನಿ' ಅನ್ನುವವರು ಸಿಗುತ್ತಾರೆ. ಸರಿಯಾಗಿ ಲೆಕ್ಕ ಹಾಕಿ ಮಾಡಿಸಿದರೆ ತಳ ಅಷ್ಟೇ ತಾಗುತ್ತದೆ.

ಇನ್ನೊಂದರಲ್ಲಿ ಟೈರೇ ಒಟ್ಟಾರೆ ಎತ್ತರವಾಗುತ್ತದೆ. ಬೊಲೆರೊ, ಥಾರ್, ಜಿಮ್ನಿ ಇಟ್ಟುಕೊಂಡವರ ಆಸೆ ಇದು. ಇಲ್ಲಿ ಗಾಡಿ ನಿಜವಾಗಿಯೂ ಮೇಲೆ ಏಳುತ್ತದೆ, ಆದರೆ ಹೆಚ್ಚಿದ ಎತ್ತರದ ಅರ್ಧದಷ್ಟು ಮಾತ್ರ. ಇನ್ನರ್ಧ ಆಕ್ಸಲ್‌ನ ಮೇಲ್ಗಡೆ ಹೋಗಿ ಮಡ್‌ಗಾರ್ಡಿನ ಜಾಗ ತಿನ್ನುತ್ತದೆ.

ನಿಮಗೆ ಬೇಕಾದದ್ದು ಯಾವುದು ಅಂತ ಈಗಲೇ ತೀರ್ಮಾನ ಮಾಡಿಕೊಳ್ಳಿ. ಲಾಭ ನಷ್ಟ ಎರಡರಲ್ಲೂ ಬೇರೆ ಬೇರೆ.

ಹಂತ 1: ಟೈರಿನ ಮೇಲಿನ ಅಕ್ಷರ ಓದಿ

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಕಾಣುತ್ತದೆ. ಕಂಪನಿ ಒಪ್ಪಿದ ಟೈರ್ ಅಳತೆ, ಗಾಳಿಯ ಒತ್ತಡ ಅದರಲ್ಲಿರುತ್ತದೆ. ಹಳೇ ಕಾರಾದರೆ ಈಗ ಮೈಮೇಲಿರುವ ಟೈರನ್ನು ನಂಬಬೇಡಿ, ಹಿಂದಿನ ಮಾಲೀಕರು ಏನು ಹಾಕಿಸಿದ್ದರೋ. ಸ್ಟಿಕ್ಕರನ್ನೇ ನಂಬಿ.

185/65 ಆರ್15 88ಎಚ್ ಅಂತ ಇದೆ ಅಂದುಕೊಳ್ಳಿ. 185 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಅಂದರೆ ಆ ಅಗಲದ ಶೇಕಡಾ 65ರಷ್ಟು ಪಕ್ಕದ ಎತ್ತರ, ಅಂದರೆ ಸುಮಾರು 120 ಮಿ.ಮೀ. ಆರ್ ಅಂದರೆ ರೇಡಿಯಲ್, ಟೈರಿನ ಒಳಗಟ್ಟಿನ ಬಗೆ. 15 ರಿಮ್ಮಿನ ಇಂಚು. 88 ಭಾರದ ಸಂಕೇತ: ಆ ಟೈರು ಒಂದೊಂದೂ 560 ಕೆ.ಜಿ. ಹೊರಬಲ್ಲದು. ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗದವರೆಗೆ ತಡೆಯುತ್ತದೆ.

ಆ 65ನ್ನು ಎಷ್ಟೋ ಜನ ಮಿಲಿಮೀಟರ್ ಅಂದುಕೊಂಡಿರುತ್ತಾರೆ. ಅಲ್ಲ, ಅದು ಶೇಕಡಾವಾರು. ಹಾಗಾಗಿ 195/55 ಮತ್ತು 165/55ರ ಪಕ್ಕದ ಎತ್ತರ ಒಂದೇ ಅಲ್ಲ.

ಹಂತ 2: ಎತ್ತರದ ಲೆಕ್ಕ

ಸೂತ್ರ ಸುಲಭ. ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ. ಅದಕ್ಕೆ ಪಕ್ಕದ ಎತ್ತರದ ಎರಡು ಪಟ್ಟು ಸೇರಿಸಿ. ಚಕ್ರದ ಒಟ್ಟು ಎತ್ತರ ಮಿಲಿಮೀಟರಿನಲ್ಲಿ ಸಿಗುತ್ತದೆ.

ಸ್ವಿಫ್ಟ್ ಉದಾಹರಣೆ ತೆಗೆದುಕೊಳ್ಳೋಣ, ನನಗೆ ಬಾಯಿಪಾಠ ಆಗಿರುವುದು ಅದೇ. ಕೆಳಗಿನ ಮಾಡೆಲ್‌ಗಳಿಗೆ 165/80 ಆರ್14 ಬರುತ್ತದೆ. ಪಕ್ಕದ ಎತ್ತರ 132 ಮಿ.ಮೀ., ಒಟ್ಟು 619.6. ಮೇಲಿನ ಮಾಡೆಲ್‌ಗೆ ಬರುವ 185/65 ಆರ್15ರ ಪಕ್ಕ 120, ಒಟ್ಟು 621.5. ಜನ ಆಸೆಪಡುವ 195/55 ಆರ್16ರ ಪಕ್ಕ 107, ಒಟ್ಟು 620.9. ನಾನು ಹಾಕಿಸಿದ್ದ 205/45 ಆರ್17ರ ಪಕ್ಕ 92, ಒಟ್ಟು 616.3.

ಒಟ್ಟು ಎತ್ತರ ನೋಡಿದರೆ ನಾಲ್ಕೂ ಅಣ್ಣತಮ್ಮಂದಿರು. ಐದು ಮಿಲಿಮೀಟರ್ ಆಚೀಚೆ ಅಷ್ಟೇ. ಅಂಗಡಿಯವರು 'ಪಕ್ಕಾ ಫಿಟ್ ಆಗುತ್ತೆ ಸರ್' ಅಂದದ್ದು ಸುಳ್ಳಲ್ಲ. ಆದರೆ ಪಕ್ಕದ ಎತ್ತರ ನೋಡಿ: 132, 120, 107, 92. ಕೈಬೆರಳು ಅಡ್ಡ ಇಟ್ಟು ಅಳೆದರೆ ಏಳು ಬೆರಳು ಇದ್ದದ್ದು ಐದು ಬೆರಳಿಗೆ ಬಂತು. ಗುಂಡಿಯ ಅಂಚಿಗೆ ಬಡಿದಾಗ ಆ ಏಟನ್ನು ಮೊದಲು ನುಂಗುವುದು ಈ ಬೆರಳುಗಳೇ. ಶಾಕ್ ಅಬ್ಸಾರ್ಬರ್ ಆಮೇಲೆ.

ಒಟ್ಟು ಎತ್ತರ ಮೂಲಕ್ಕಿಂತ ಶೇಕಡಾ 3ಕ್ಕಿಂತ ಹೆಚ್ಚು ಆಚೀಚೆ ಆಗಬಾರದು ಅನ್ನುವುದು ಟೈರಿನವರು ಸಾಮಾನ್ಯವಾಗಿ ಹೇಳುವ ಮಿತಿ. ನನ್ನ ಕೇಳಿದರೆ ಒಂದೂವರೆಗೆ ನಿಲ್ಲಿಸಿ. 15 ಇಂಚಿನ ಸ್ವಿಫ್ಟ್‌ಗೆ ಯಾರಾದರೂ 205/60 ಆರ್16 ಹೇಳಿದರೆ ಎದ್ದು ಬನ್ನಿ. ಅದರ ಎತ್ತರ 652, ಮೂಲಕ್ಕಿಂತ ಶೇಕಡಾ 5 ಜಾಸ್ತಿ.

ಎತ್ತರ ಹೆಚ್ಚಾದರೆ ಏನಾಗುತ್ತದೆ? ಬೊಲೆರೊಗೆ ಬರುವುದು 215/75 ಆರ್15, ಎತ್ತರ 703.5. ಅದೇ ರಿಮ್ಮಿಗೆ 235/75 ಆರ್15 ಹಾಕಿದರೆ 733.5. ಶೇಕಡಾ 4.3 ಹೆಚ್ಚು. ಗಾಡಿ 15 ಮಿ.ಮೀ. ಮೇಲೇಳುತ್ತದೆ, ಕಲ್ಲುಮಣ್ಣಿನ ದಾರಿಯಲ್ಲಿ ಅದು ಒಳ್ಳೆಯದೇ. ಆದರೆ ಚಕ್ರ ಒಂದು ಸುತ್ತಿಗೆ ಮೊದಲಿಗಿಂತ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ. ಸ್ಪೀಡೋಮೀಟರ್ ಮೊದಲು ಸರಿಯಾಗಿಯೇ ತೋರಿಸುತ್ತಿತ್ತು ಅಂದುಕೊಂಡರೆ, ಈಗ 80 ತೋರಿಸುವಾಗ ಗಾಡಿ 83ರ ಮೇಲೆ ಇರುತ್ತದೆ. 100 ಕಿ.ಮೀ. ಹೋದರೆ ಓಡೋಮೀಟರ್ 96 ಅನ್ನುತ್ತದೆ. 'ದೊಡ್ಡ ಟೈರ್ ಹಾಕಿದ ಮೇಲೆ ಮೈಲೇಜ್ ಬಿದ್ದೋಯ್ತು' ಅಂತ ಕೊರಗುವವರ ಅರ್ಧ ಕೊರಗು ಇಲ್ಲೇ ಇದೆ. ಮೈಲೇಜ್ ನಿಜವಾಗಿಯೂ ಸ್ವಲ್ಪ ಬಿದ್ದಿರುತ್ತದೆ, ಆದರೆ ಮೀಟರೂ ಕಿಲೋಮೀಟರ್ ಕದ್ದಿರುತ್ತದೆ. ಹೈವೇಯಲ್ಲಿ ಕಿಲೋಮೀಟರ್ ಕಲ್ಲು ನೋಡಿಕೊಂಡೋ ಮೊಬೈಲಿನ ಮ್ಯಾಪ್ ಇಟ್ಟುಕೊಂಡೋ ಒಮ್ಮೆ ತಾಳೆ ಹಾಕಿ, ಆಮೇಲೆ ಅಳಿ.

ಎತ್ತರದ ಟೈರು ಗೇರನ್ನೂ ಬದಲಿಸಿದ ಹಾಗೆ. ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಒಂದನೇ ಗೇರು ಕೇಳಬಹುದು. ಚಾರ್ಮಾಡಿ ಘಾಟಿಯಲ್ಲಿ ನಾಲ್ಕು ಜನ, ಸಾಮಾನು ತುಂಬಿಕೊಂಡು ಹತ್ತುವಾಗ ಇದು ತಿಳಿಯುತ್ತದೆ, ಊರೊಳಗೆ ತಿಳಿಯುವುದಿಲ್ಲ.

ಹಂತ 3: ಲಾಭ ನಷ್ಟ ನಿಮ್ಮ ರಸ್ತೆಯ ಮೇಲೆ ತೂಗಿ ನೋಡಿ

ದೊಡ್ಡ ರಿಮ್, ಗಿಡ್ಡ ಪಕ್ಕ ಇದ್ದಾಗ ಸ್ಟೇರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತದೆ. ಎತ್ತರದ ಪಕ್ಕ ಇದ್ದರೆ ತಿರುವಿನಲ್ಲಿ ರಬ್ಬರು ಮೊದಲು ಒಂದು ಕಡೆ ವಾಲಿ, ಆಮೇಲೆ ಕಾರು ತಿರುಗುತ್ತದೆ. 14 ಇಂಚಿನಿಂದ 15ಕ್ಕೆ ಹೋದಾಗಲೇ ಈ ವ್ಯತ್ಯಾಸ ಕೈಗೆ ಸಿಗುತ್ತದೆ, ನನಗಂತೂ ಅದು ಇಷ್ಟ. ಅಗಲದ ಟೈರಿಗೆ ಒಣ ರಸ್ತೆಯಲ್ಲಿ ಹಿಡಿತ ಜಾಸ್ತಿ. ಒಳಗೆ ದೊಡ್ಡ ಬ್ರೇಕ್ ಡಿಸ್ಕ್ ಕೂರಿಸುವಷ್ಟು ಜಾಗವೂ ಆಗುತ್ತದೆ, ಆದರೆ ನಮ್ಮಲ್ಲಿ ಡಿಸ್ಕ್ ಬದಲಿಸುವವರು ಎಷ್ಟು ಜನ? ಚಕ್ರ ಮಾತ್ರ ದೊಡ್ಡದು ಮಾಡಿ ಅದೇ ಬ್ರೇಕ್ ಬಿಟ್ಟರೆ ಬ್ರೇಕಿಗೆ ಕೆಲಸ ಹೆಚ್ಚುತ್ತದೆಯೇ ಹೊರತು ಶಕ್ತಿ ಹೆಚ್ಚುವುದಿಲ್ಲ.

ಯಾಕೆ ಹೆಚ್ಚುತ್ತದೆ ಅಂದರೆ, ತೂಕ. ರಾಗಿ ಬೀಸುವ ಕಲ್ಲು ನೆನಪಿದೆಯಾ? ತಿರುಗಲು ಶುರುವಾಗುವವರೆಗೆ ಕಷ್ಟ, ತಿರುಗತೊಡಗಿದ ಮೇಲೆ ನಿಲ್ಲಿಸುವುದು ಕಷ್ಟ. ಕಲ್ಲು ಅಗಲವಾದಷ್ಟೂ ಹಾಗೆ. ಚಕ್ರವೂ ಅಷ್ಟೇ. ತೂಕ ನಡುವಿನಿಂದ ದೂರ ಹೋದಷ್ಟೂ ಪಿಕಪ್ಪಿಗೂ ಬ್ರೇಕಿಗೂ ಭಾರ. ಜೊತೆಗೆ ಚಕ್ರದ ತೂಕ ಸ್ಪ್ರಿಂಗಿನ ಕೆಳಗಿನ ತೂಕ. ಭಾರದ ಚಕ್ರ ಗುಂಡಿಗೆ ಇಳಿದು ಮೇಲೆ ಹಾರಿದರೆ ಅದನ್ನು ಹಿಡಿದು ಮತ್ತೆ ರಸ್ತೆಗೆ ಒತ್ತುವುದು ಶಾಕ್ ಅಬ್ಸಾರ್ಬರಿಗೆ ಕಷ್ಟ. ಲೋವರ್ ಆರ್ಮ್ ಬುಶ್, ವೀಲ್ ಬೇರಿಂಗ್ ಬೇಗ ಸವೆಯುತ್ತವೆ.

ಅಲಾಯ್ ಅಂದಮಾತ್ರಕ್ಕೆ ಹಗುರ ಅಂತ ತಿಳಿಯಬೇಡಿ. 16 ಇಂಚಿನ ದಪ್ಪ ಅಲಾಯ್, 14 ಇಂಚಿನ ಸ್ಟೀಲ್ ರಿಮ್ಮಿಗಿಂತ ಭಾರ ಇರಬಹುದು. ಅಂಗಡಿಯಲ್ಲಿ ತಕ್ಕಡಿ ಇದ್ದರೆ ಎರಡನ್ನೂ ಇಡಿಸಿ ನೋಡಿ. ಮುಖ ಸಿಂಡರಿಸಿಕೊಂಡರೂ ಇಡುತ್ತಾರೆ.

ಮಳೆಯ ವಿಷಯದಲ್ಲಿ ಅಗಲದ ಟೈರು ಉಲ್ಟಾ. ನಿಂತ ನೀರನ್ನು ಸೀಳಿಕೊಂಡು ಹೋಗಲು ಕಿರಿದಾದ ಟೈರೇ ಮೇಲು. ಅಗಲದ್ದು ನೀರಿನ ಮೇಲೆ ತೇಲಲು ಬೇಗ ಶುರುಮಾಡುತ್ತದೆ, ಅದರಲ್ಲೂ ಅರ್ಧ ಸವೆದಿದ್ದರೆ. ಟೈರಿನ ಟ್ರೆಡ್ (ರಸ್ತೆಗೆ ತಾಗುವ ಕಡೆಯ ಗೆರೆಗಳು) ಕನಿಷ್ಠ ಇಷ್ಟು ಆಳ ಇರಬೇಕು ಅಂತ ಕಾನೂನು ಹೇಳುವುದು 1.6 ಮಿ.ಮೀ. ಅಗಲದ ಟೈರ್ ಹಾಕಿಸಿದವರು ಅಲ್ಲಿಯವರೆಗೆ ಕಾಯಬೇಡಿ.

ರೇಸಿನವರನ್ನು ನೋಡಿ ಕಲಿಯುವುದಿದ್ದರೆ ಸ್ವಲ್ಪ ಎಚ್ಚರದಿಂದ ಕಲಿಯಬೇಕು. ಫಾರ್ಮುಲಾ ಒನ್ ಕಾರುಗಳು 2021ರವರೆಗೂ 13 ಇಂಚಿನ ರಿಮ್ಮಿನಲ್ಲೇ ಓಡಿದವು, 18ಕ್ಕೆ ಬಂದದ್ದು 2022ರಲ್ಲಿ. ಅಲ್ಲಿಯವರೆಗೆ ಆ ದಪ್ಪ ಪಕ್ಕವೇ ಸಸ್ಪೆನ್ಷನ್ನಿನ ಒಂದು ಭಾಗವಾಗಿ ಕೆಲಸ ಮಾಡುತ್ತಿತ್ತು. ವಿಶ್ವ ರ‍್ಯಾಲಿಯ ಕಾರುಗಳು ಡಾಂಬರಿನ ಮೇಲೆ 18 ಇಂಚು ಹಾಕಿಕೊಳ್ಳುತ್ತವೆ. ಜಲ್ಲಿಮಣ್ಣಿನ ದಾರಿಗೆ ಬಂದಾಗ ಅದೇ ಕಾರು 15 ಇಂಚಿಗೆ ಇಳಿಯುತ್ತದೆ. ದುಡ್ಡಿಗೆ ಬರವಿಲ್ಲದ ತಂಡಗಳು, ಬೇಕೆಂದೇ ಚಿಕ್ಕದಕ್ಕೆ ಇಳಿಯುತ್ತವೆ! ನಿಮ್ಮ ದಿನದ ದಾರಿ ಡಾಂಬರೋ ಜಲ್ಲಿಯೋ ಅಂತ ಕೇಳಿಕೊಳ್ಳಿ.

ಹಾಗಾಗಿ ನನ್ನ ಅಳತೆಗೋಲು ಇದು. ಬೆಂಗಳೂರು–ಮೈಸೂರು ಹೆದ್ದಾರಿಯಂಥ ರಸ್ತೆಯಲ್ಲೇ ಹೆಚ್ಚು ಓಡುವವರು ಒಂದು ಇಂಚು ಏರಿ, ಸಂತೋಷಪಡಿ. ಬಡಾವಣೆಯ ಅಗೆದ ರಸ್ತೆ, ಬಣ್ಣ ಬಳಿಯದ ಹಂಪ್, ವಾರಕ್ಕೊಮ್ಮೆ ಊರಿನ ಮಣ್ಣುದಾರಿ ಇರುವವರು ಪಕ್ಕದ ಎತ್ತರ 110 ಮಿ.ಮೀ.ಗಿಂತ ಕೆಳಗೆ ಹೋಗಬೇಡಿ. ಇದು ಯಾವ ಪುಸ್ತಕದ ನಿಯಮವೂ ಅಲ್ಲ, ಬುಗ್ಗೆ ಕಂಡವನ ನಿಯಮ. ಮಲೆನಾಡಿನ ಒಳಗೆ ತೋಟದ ದಾರಿಯಲ್ಲಿ ಓಡಾಡುವವರಿಗೆ ಕಂಪನಿ ಕೊಟ್ಟ ರಿಮ್ಮೇ ಸಾಕು. ಇನ್ನೂ ಒಂದು ಮಾತು: 195/55 ಆರ್16 ಬೆಂಗಳೂರಿನಲ್ಲಿ ಯಾವ ಅಂಗಡಿಯಲ್ಲೂ ಸಿಗುತ್ತದೆ. ಭಾನುವಾರ ಸಂಜೆ ಯಾವುದೋ ತಾಲ್ಲೂಕು ಊರಿನಲ್ಲಿ ಟೈರ್ ಒಡೆದರೆ ಸಿಗುವುದು ಕಷ್ಟ.

ಹಂತ 4: ಕಾನೂನು, ಇನ್ಶೂರೆನ್ಸ್

ಇದನ್ನು ಜನ ಕೊನೆಗೆ ಬಿಡುತ್ತಾರೆ, ದುಡ್ಡು ಕೊಟ್ಟ ಮೇಲೆ. ಮೊದಲೇ ನೋಡಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನಲ್ಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇದೆ.

ಭಯಪಡಬೇಕಾಗಿಲ್ಲ, ಒಂದು ನೇರ ದಾರಿ ಇದೆ. ನಿಮ್ಮದೇ ಕಾರಿನ, ಅದೇ ಪೀಳಿಗೆಯ ಮೇಲಿನ ಮಾಡೆಲ್‌ಗೆ ಕಂಪನಿಯೇ ಯಾವ ಅಳತೆ ಕೊಟ್ಟಿದೆ ನೋಡಿ. 14 ಇಂಚಿನ ಸ್ವಿಫ್ಟ್‌ಗೆ 15 ಇಂಚಿನ 185/65 ಹಾಕಿಸಿದರೆ ಅದು ಕಂಪನಿ ತಾನೇ ಪರೀಕ್ಷೆ ಮಾಡಿ ಒಪ್ಪಿದ ಅಳತೆ. ಪೊಲೀಸರಿಗೂ, ಸರ್ವಿಸ್ ಸೆಂಟರಿಗೂ, ಇನ್ಶೂರೆನ್ಸ್‌ನವರಿಗೂ ಉತ್ತರ ಹೇಳುವುದು ಸುಲಭ. ಚಕ್ರ ಮಡ್‌ಗಾರ್ಡಿನಿಂದ ಆಚೆ ಚಾಚಿಕೊಂಡಿದ್ದರೆ ಯಾವ ಉತ್ತರವೂ ನಡೆಯುವುದಿಲ್ಲ.

ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಪಾಲಿಸಿಯಲ್ಲಿ ಸೇರಿಸಿಕೊಳ್ಳಲು ಕೇಳಿ. ಫೋನಿನಲ್ಲಿ 'ಏನೂ ಆಗಲ್ಲ ಬಿಡಿ' ಅಂದರೆ ಸಾಲದು. ವಾರಂಟಿ ಇನ್ನೂ ಇದ್ದರೆ ಸರ್ವಿಸ್ ಸೆಂಟರಿನಲ್ಲೂ ಒಂದು ಮಾತು ಕೇಳಿ. ಸಸ್ಪೆನ್ಷನ್ ಕೆಟ್ಟಾಗ ಮೊದಲು ಬೆರಳು ತೋರಿಸುವುದು ಹೊರಗಿನ ಚಕ್ರದ ಕಡೆಗೇ.

ಹಂತ 5: ರಿಮ್ಮಿನ ಐದು ಅಳತೆ

ಟೈರಿನ ಲೆಕ್ಕ ಆಯಿತು. ರಿಮ್ ಕೊಳ್ಳುವಾಗ ಐದು ಅಂಕಿ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಪಿಸಿಡಿ: ನಟ್ಟುಗಳು ಎಷ್ಟು, ಎಷ್ಟು ಮಿ.ಮೀ. ವ್ಯಾಸದ ವೃತ್ತದ ಮೇಲಿವೆ ಅಂತ. ನಮ್ಮ ದೇಶದ ಸ್ವಿಫ್ಟ್, ಬಲೆನೊ, ಐ20, ಅಮೇಜ್ ಎಲ್ಲ 4×100. ಬ್ರೆಝಾ, ಕ್ರೆಟಾ 5×114.3. ಜಿಮ್ನಿ 5×139.7. ಇದು ಒಂದು ಮಿಲಿಮೀಟರೂ ಆಚೀಚೆ ಆಗಬಾರದು. ಎಂಟು ತೂತಿನ ರಿಮ್‌ಗಳು ಸಿಗುತ್ತವೆ, ಎರಡು ತರಹದ ಕಾರಿಗೂ ಕೂರಲಿ ಅಂತ ಮಾಡಿದ್ದು. ನನಗೆ ಅವು ಹಿಡಿಸುವುದಿಲ್ಲ, ಆದರೆ ಅದು ರುಚಿಯ ಮಾತು.

ನಡುವಿನ ತೂತು: ಹಬ್ (ಕಾರಿನಲ್ಲಿ ಚಕ್ರ ಬಂದು ಕೂರುವ ಭಾಗ), ಅದರ ಮೂತಿ ಇದರೊಳಗೆ ಬಿಗಿಯಾಗಿ ಕೂರಬೇಕು. ಸ್ವಿಫ್ಟ್‌ಗೆ, ಐ20ಗೆ 54.1 ಮಿ.ಮೀ. ಹೋಂಡಾದ ಸಣ್ಣ ಕಾರುಗಳಿಗೆ 56.1. ಹೋಂಡಾ ರಿಮ್ಮನ್ನು ಸ್ವಿಫ್ಟ್‌ಗೆ ಹಾಕಿದರೆ ಎರಡು ಮಿ.ಮೀ. ಸಡಿಲ, 90ರ ವೇಗದಲ್ಲಿ ಸ್ಟೇರಿಂಗ್ ನಡುಗಬಹುದು. ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದ ನಡುಕಕ್ಕೆ ಎಷ್ಟೋ ಸಲ ಇದೇ ಕಾರಣ. ನಡುವೆ ಕೂರಿಸುವ ಹಬ್ ರಿಂಗ್ ಸಿಗುತ್ತದೆ, ಅಗ್ಗದ್ದು, ಹಾಕಿಸಿ.

ರಿಮ್ಮಿನ ಅಗಲ: 6ಜೆ, 6.5ಜೆ ಅಂತ ಬರೆದಿರುತ್ತದೆ, ಇಂಚಿನಲ್ಲಿ. 195/55 ಟೈರಿಗೆ 5.5ರಿಂದ 7 ಇಂಚು ಅಗಲ ನಡೆಯುತ್ತದೆ, 6 ಹೇಳಿ ಮಾಡಿಸಿದ್ದು. ಕಿರಿದಾದ ಟೈರನ್ನು ಅಗಲದ ರಿಮ್ಮಿಗೆ ಎಳೆದು ಕೂರಿಸುವ ಶೋಕಿ ಒಂದಿದೆ. ಗುಂಡಿಯಲ್ಲಿ ಮೊದಲು ಏಟು ತಿನ್ನುವುದು ರಿಮ್ಮಿನ ಅಂಚು. ಬೇಡ.

ಆಫ್‌ಸೆಟ್: ಇದರಲ್ಲೇ ಹೆಚ್ಚು ಜನ ಎಡವುವುದು. ಇಟಿ 45 ಅಂದರೆ ರಿಮ್ಮಿನ ಅಗಲದ ನಟ್ಟನಡುವಿನಿಂದ 45 ಮಿ.ಮೀ. ಹೊರಗಡೆ, ಅದು ಹಬ್ಬಿಗೆ ಕೂರುವ ಮುಖ ಇದೆ ಅಂತ. ಅಂಕಿ ಕಡಿಮೆಯಾದಷ್ಟೂ ಚಕ್ರ ಕಾರಿನಿಂದ ಆಚೆ ಹೋಗುತ್ತದೆ. 5.5ಜೆ ಇಟಿ 45 ಇದ್ದ ಜಾಗಕ್ಕೆ 6.5ಜೆ ಇಟಿ 38 ತಂದಿರಿ ಅನ್ನಿ. ಅಗಲ ಒಂದು ಇಂಚು ಹೆಚ್ಚಿತು, ಅಂದರೆ ಎರಡೂ ಕಡೆ 12.7 ಮಿ.ಮೀ. ಆಫ್‌ಸೆಟ್ 7 ಕಡಿಮೆಯಾದ್ದರಿಂದ ಇಡೀ ಚಕ್ರ 7 ಆಚೆ ಸರಿಯಿತು. ಹೊರಗಡೆಗೆ ಸುಮಾರು 20 ಮಿ.ಮೀ. ಬಂತು, ಒಳಗಡೆಗೆ ಸುಮಾರು 6 ಹೋಯಿತು. ಈ ಎರಡು ಅಂಕಿ ಕೈಯಲ್ಲಿ ಹಿಡಿದುಕೊಂಡು ಹೋಗಿ, ಈಗಿನ ಚಕ್ರದಿಂದ ಮಡ್‌ಗಾರ್ಡಿನ ಅಂಚಿಗೆ, ಒಳಗೆ ಶಾಕ್ ಅಬ್ಸಾರ್ಬರಿಗೆ ಎಷ್ಟು ಸಂದು ಇದೆ ಅಂತ ಸ್ಕೇಲ್ ಇಟ್ಟು ನೋಡಿ. ಹತ್ತು ನಿಮಿಷದ ಕೆಲಸ. ಸಂದು ಸಾಲದೇ ಇದ್ದರೆ ನಡುವೆ ಸ್ಪೇಸರ್ ಬಿಲ್ಲೆ ಹಾಕಿ ಕೂರಿಸುತ್ತೀವಿ ಅನ್ನುವವರಿದ್ದಾರೆ. ರಿಮ್ಮೇ ಬದಲಿಸಿ, ಸ್ಪೇಸರ್ ಬೇಡ.

ನಟ್ಟು: ಸುಝುಕಿಗೆ 12×1.25ರ ಮರೆ (ನಟ್ಟಿನೊಳಗಿನ ಸುರುಳಿ ಗೆರೆ). ಹ್ಯುಂಡೈ, ಹೋಂಡಾಕ್ಕೆ 12×1.5. ಸ್ವಿಫ್ಟ್‌ನ ರಿಮ್ ಐ20ಗೆ ಕೂರುತ್ತದೆ, ನಟ್ಟು ಕೂರುವುದಿಲ್ಲ. ಎರಡು ಸುತ್ತು ಹೋದ ಹಾಗೆ ಮಾಡಿ ಆಮೇಲೆ ಮರೆ ತಿನ್ನುತ್ತದೆ. ಮೊದಲ ನಾಲ್ಕೈದು ಸುತ್ತು ಕೈಯಲ್ಲೇ ತಿರುಗಿಸಬೇಕು ಅನ್ನುವುದು ಅದಕ್ಕೇ. ನಟ್ಟಿನ ಬುಡದ ಆಕಾರವನ್ನೂ ನೋಡಿ. ಹೋಂಡಾ ಕಂಪನಿಯ ನಟ್ಟಿನ ಬುಡ ಗುಂಡಗಿರುತ್ತದೆ, ಹೊರಗಿನ ಅಲಾಯ್‌ಗಳು ಸಾಮಾನ್ಯವಾಗಿ ಶಂಕುವಿನಾಕಾರದ್ದನ್ನು ಕೇಳುತ್ತವೆ. ಬಿಗಿಯಾದ ಹಾಗೆ ಕಾಣುತ್ತದೆ, ನಿಜವಾಗಿ ಬಿಗಿಯಾಗಿರುವುದಿಲ್ಲ. ರಿಮ್ ಜೊತೆಗೇ ಹೊಸ ನಟ್ಟು ಕೊಳ್ಳಿ.

ಹಂತ 6: ಎಲ್ಲಿ, ಏನು ಕೊಳ್ಳುವುದು

ಬೆಂಗಳೂರಿನವರಿಗೆ ಜೆ.ಸಿ. ರೋಡ್ ಗೊತ್ತೇ ಇದೆ. ಅಲ್ಲಿ ಒಂದು ಸುತ್ತು ಹೊಡೆದರೆ ಎಲ್ಲ ಅಳತೆಯೂ ಕಣ್ಣಿಗೆ ಬೀಳುತ್ತದೆ. ನನ್ನ ಸಲಹೆ ಸ್ವಲ್ಪ ಬೇರೆ. ಹೊಸ ಕಾರಿನ ಕಂಪನಿ ಅಲಾಯ್ ಬಿಚ್ಚಿಸಿ ಇನ್ನೂ ದೊಡ್ಡದು ಹಾಕಿಸುವವರು ಬಹಳ ಜನ. ಅವರು ಬಿಟ್ಟು ಹೋದ ಕಂಪನಿ ರಿಮ್ ಹುಡುಕಿ. ನಿಮ್ಮದೇ ಕಾರಿನ ಮೇಲಿನ ಮಾಡೆಲ್‌ನದ್ದಾದರೆ ಪಿಸಿಡಿ, ಆಫ್‌ಸೆಟ್, ನಡುವಿನ ತೂತು ಯಾವುದರ ತಲೆನೋವೂ ಇಲ್ಲ. ನಾನು ಈಗ ಓಡಿಸುತ್ತಿರುವುದು ಅಂಥದ್ದೇ.

ಹಳೆಯದಾದರೆ ಒಂದೊಂದನ್ನೂ ಬ್ಯಾಲೆನ್ಸಿಂಗ್ ಮಷಿನ್ನಿಗೆ ಹಾಕಿ ಖಾಲಿ ತಿರುಗಿಸಿ ನೋಡಿ. ಅಂಚು ಎದ್ದು ಬಿದ್ದು ಮಾಡಿದರೆ ಬೆಂಡಿದೆ. ಒಳಮುಖದಲ್ಲಿ ವೆಲ್ಡಿಂಗ್ ಗುರುತು ಕಂಡರೆ ಬಿಟ್ಟುಬಿಡಿ. ಹೊಸದಾದರೆ ಐಎಸ್‌ಐ ಗುರುತು, ರಿಮ್ಮಿನ ಮೇಲೆ ಭಾರದ ಮಿತಿ ಇದೆಯಾ ನೋಡಿ.

ಟೈರಿನ ಭಾರದ ಸಂಕೇತ ಮೂಲಕ್ಕಿಂತ ಕಡಿಮೆ ಇರಬಾರದು. ಇಲ್ಲೊಂದು ಸೂಕ್ಷ್ಮ ಇದೆ. 185/65 ಆರ್15 ಸಾಮಾನ್ಯವಾಗಿ 88, ಅಂದರೆ 560 ಕೆ.ಜಿ. ಅದಕ್ಕಿಂತ 'ದೊಡ್ಡ' 195/55 ಆರ್16 ಸಾಮಾನ್ಯವಾಗಿ 87, 545 ಕೆ.ಜಿ. ರಿಮ್ ದೊಡ್ಡದಾಯಿತು, ಒಳಗಿನ ಗಾಳಿ ಕಡಿಮೆಯಾಯಿತು, ಹೊರುವ ಶಕ್ತಿ ಇಳಿಯಿತು. 91ರ ಸಂಕೇತದ ಎಕ್ಸ್‌ಎಲ್ (ಹೆಚ್ಚು ಭಾರ ಹೊರಲೆಂದೇ ಮಾಡಿದ) ಟೈರ್ ಸಿಕ್ಕರೆ ಅದು 615 ಕೆ.ಜಿ. ಹೊರುತ್ತದೆ, ಆದರೆ ಅದಕ್ಕೆ ಗಾಳಿ ಸ್ವಲ್ಪ ಹೆಚ್ಚು ಬೇಕು.

ತಯಾರಾದ ದಿನ ನೋಡಲು ಪಕ್ಕದ ನಾಲ್ಕಂಕಿ ಹುಡುಕಿ. 2324 ಅಂದರೆ 2024ರ 23ನೇ ವಾರ. 'ಆಫರ್' ಅಂತ ಕೊಡುವ ಟೈರಿನ ಮೇಲೆ ಇದನ್ನು ಓದುವುದು ಮರೆಯಬೇಡಿ. ನಾಲ್ಕೂ ಒಂದೇ ಅಳತೆ ಹಾಕಿ. ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವುದು ಚಕ್ರಗಳ ತಿರುಗುವ ವೇಗ ಹೋಲಿಸಿ, ಅದಕ್ಕೆ ಗೊಂದಲ ಮಾಡಬಾರದು.

ಹಂತ 7: ಕೂರಿಸುವ ದಿನ

ನಾಲ್ಕಕ್ಕೂ ಟೈರ್ ಏರಿಸುವ ಮೊದಲು ಮುಂದೆ ಒಂದು, ಹಿಂದೆ ಒಂದು ಹಾಕಿಸಿ ನೋಡಿ. ಏರಿಸಿ ಗಾಳಿ ತುಂಬಿದ ಮೇಲೆ ವಾಪಸ್ ತೆಗೆದುಕೊಳ್ಳುವ ಅಂಗಡಿ ಕಡಿಮೆ.

ಮೊದಲು ಜಾಕಿಯ ಮೇಲೆಯೇ ಕೈಯಲ್ಲಿ ಚಕ್ರ ತಿರುಗಿಸಿ. ಬ್ರೇಕ್ ಕ್ಯಾಲಿಪರ್‌ಗೆ ರಿಮ್ಮಿನ ಕಡ್ಡಿ ತಾಗುತ್ತದಾ? ಇಳಿಸಿದ ಮೇಲೆ ಸ್ಟೇರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ಒಳಗಿನ ಪ್ಲಾಸ್ಟಿಕ್ ಲೈನಿಂಗಿಗೆ ಉಜ್ಜುವ ಸದ್ದು ಕೇಳಿ. ಆಮೇಲೆ ಹಿಂದಿನ ಸೀಟಿನಲ್ಲಿ ಮೂವರು ದಪ್ಪ ಸ್ನೇಹಿತರನ್ನು ಕೂರಿಸಿಕೊಂಡು ಒಂದು ಹಂಪ್ ಹತ್ತಿಸಿ. ತಮಾಷೆಗೆ ಹೇಳುತ್ತಿಲ್ಲ. ಖಾಲಿ ಕಾರಿನಲ್ಲಿ ತಾಗದ ಚಕ್ರ ಮದುವೆಗೆ ಹೊರಟ ದಿನ ತಾಗುತ್ತದೆ.

ಅಲಾಯ್‌ಗೆ ಬ್ಯಾಲೆನ್ಸಿಂಗ್ ಮಾಡುವಾಗ ಒಳಗಡೆ ಅಂಟಿಸುವ ತೂಕ ಕೇಳಿ, ಅಂಚಿಗೆ ಹೊಡೆಯುವುದು ಪೇಂಟ್ ಕೀಳುತ್ತದೆ. ನಟ್ಟುಗಳನ್ನು ಒಂದರ ಎದುರು ಒಂದು ಬಿಗಿಯಬೇಕು, ವರಸೆಯಾಗಿ ಅಲ್ಲ. ಗನ್ ಹಿಡಿದು ಟರ್ರ್ ಅಂತ ಬಿಗಿದು ಕಳಿಸುವುದು ರೂಢಿ. ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲೇ (ಎಷ್ಟು ಬಿಗಿ ಅಂತ ಅಳೆದು ಬಿಗಿಯುವ ಪಾನಾ) ಮಾಡಿಸಿ. ಎಷ್ಟು ಅಂತ ಕಾರಿನ ಪುಸ್ತಕದಲ್ಲಿರುತ್ತದೆ, ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಒಳಗೆ. ಅಲೈನ್‌ಮೆಂಟ್ ಮಾಡಿಸದೆ ಹೊರಡಬೇಡಿ.

ಗಾಳಿ: ಕಂಪನಿ ಒಪ್ಪಿದ ಅಳತೆಗೆ ಹೋಗಿದ್ದರೆ ಮೇಲಿನ ಮಾಡೆಲ್‌ನ ಸ್ಟಿಕ್ಕರಿನಲ್ಲಿರುವಷ್ಟು. ಗಿಡ್ಡ ಪಕ್ಕದ ಟೈರಿನಲ್ಲಿ ಮೆತ್ತಗಿರಲಿ ಅಂತ ಗಾಳಿ ಕಡಿಮೆ ಮಾಡಬೇಡಿ. ನಾನು ಮಾಡಿದ ಎರಡನೇ ತಪ್ಪು ಇದೇ. ಐದು ಬೆರಳು ರಬ್ಬರಿನಲ್ಲಿ ಗಾಳಿಯೂ ಕಡಿಮೆ ಇದ್ದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟೈರು ಅಡಕೊತ್ತಿಗೆ ಸಿಕ್ಕ ಅಡಿಕೆಯ ಹಾಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಹಂತ 8: ಮೊದಲ ಸಾವಿರ ಕಿಲೋಮೀಟರ್

ಐವತ್ತರಿಂದ ನೂರು ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿ. ಹೊಸ ರಿಮ್ ಹಬ್ಬಿನ ಮೇಲೆ ಕೂರಲು ಸ್ವಲ್ಪ ಸಮಯ ಬೇಕು. ನಾಲ್ಕೈದು ನೂರಾದ ಮೇಲೆ ಬಗ್ಗಿ ಮಡ್‌ಗಾರ್ಡಿನ ಒಳಗೆ ಟಾರ್ಚ್ ಬಿಡಿ. ಎಲ್ಲಾದರೂ ಪ್ಲಾಸ್ಟಿಕ್ ಉಜ್ಜಿ ಹೊಳೆಯುತ್ತಿದ್ದರೆ ಅಲ್ಲಿ ತಾಗುತ್ತಿದೆ. ಟೈರಿನ ಒಳಪಕ್ಕದ ಮೇಲೂ ಕೈಯಾಡಿಸಿ, ಅದು ಹೊರಗಿನಿಂದ ಕಾಣುವುದಿಲ್ಲ. ಸಾವಿರ ಆದ ಮೇಲೆ ಟ್ರೆಡ್ಡಿನ ಅಂಚು ಒಂದೇ ಕಡೆ ಸವೆದಿದೆಯಾ ನೋಡಿ, ಸವೆದಿದ್ದರೆ ಅಲೈನ್‌ಮೆಂಟ್ ಇನ್ನೊಮ್ಮೆ.

ಕಂಪನಿಯ ಹಳೇ ಚಕ್ರಗಳನ್ನು ಎಕ್ಸ್‌ಚೇಂಜಿಗೆ ತಕ್ಷಣ ಕೊಡಬೇಡಿ. ಆರು ತಿಂಗಳು ಇಟ್ಟುಕೊಳ್ಳಿ. ಅಂಗಡಿಯವರು ಅದಕ್ಕೆ ಕಟ್ಟುವ ಬೆಲೆ ಹೇಗೂ ಹೆಚ್ಚೇನೂ ಇರುವುದಿಲ್ಲ.

ಇನ್ನು ಸ್ಟೆಪ್ನಿ. ಒಟ್ಟು ಎತ್ತರ ಸರಿಹೊಂದಿಸಿದ್ದರೆ ಡಿಕ್ಕಿಯಲ್ಲಿರುವ ಹಳೇ 14 ಇಂಚಿನ ಸ್ಟೀಲ್ ಚಕ್ರವೇ ಪಂಕ್ಚರ್ ಅಂಗಡಿಯವರೆಗೆ ನಡೆಯುತ್ತದೆ. ಆದರೆ ಅಲಾಯ್‌ನ ಹೊಸ ನಟ್ಟು ಸ್ಟೀಲ್ ರಿಮ್ಮಿಗೆ ಸರಿಯಾಗಿ ಕೂರದೇ ಇರಬಹುದು. ಹಳೇ ನಟ್ಟು ನಾಲ್ಕನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಸ್ಟೆಪ್ನಿಯ ನಡುವೆಯೇ ಇಟ್ಟುಬಿಡಿ. ಹೊಸ ನಟ್ಟಿನ ತಲೆ ಸಣ್ಣದಿದ್ದರೆ ಕಂಪನಿ ಕೊಟ್ಟ ಪಾನಾ ಅದಕ್ಕೆ ಹಿಡಿಯುವುದಿಲ್ಲ, ಅದರ ಪಾನಾವನ್ನೂ ಅಂಗಡಿಯಿಂದ ಕೇಳಿ ಪಡೆದು ಅಲ್ಲೇ ಇಡಿ. ಮತ್ತೆ ಒಂದು ಸಲ, ಮನೆ ಮುಂದೆಯೇ, ಹಗಲಿನಲ್ಲೇ, ಅದರಿಂದ ಒಂದು ಚಕ್ರ ಬಿಚ್ಚಿ ಹಾಕಿ ನೋಡಿ.